ಗಿರಾಕಿಯಾದ ನಾದಿನಿ

ಗೌನಿನೊಳಗೆ ನಿಂತವಳಿಗೆ ಉಸಿರಾಡಲು ಮಾತ್ರ ಅಪ್ಪಣೆಯಿತ್ತು. ಅದೂ ಮೆಲ್ಲಗೆ. ಪಕ್ಕೆಯುದ್ದಕ್ಕೂ ಗುಂಡುಸೂಜಿಗಳು. ಅತ್ತಿಗೆ ಇನ್ನೊಂದಿಷ್ಟು ಸೂಜಿ ಬಾಯಲ್ಲಿ ಕಚ್ಚಿಕೊಂಡು, ನೆಲಕ್ಕೆ ಮೊಣಕಾಲೂರಿ ಅಂಚು ಮಡಿಸುತ್ತಿದ್ದಳು.

ಗೌನು ಡಾಕ್ಟರಮ್ಮನದು. ಅಳತೆ ಕೊಟ್ಟು ಹೋದವರಿಗೆ ಮತ್ತೆ ಬಂದು ಹಾಕಿ ನೋಡಲು ಪುರುಸೊತ್ತಿರಲಿಲ್ಲ. ನಾದಿನಿಯದೂ ಹೆಚ್ಚುಕಡಿಮೆ ಅದೇ ಮೈಕಟ್ಟು. ಹಾಗಾಗಿ ಗುಂಡಿ, ಕೊಕ್ಕೆ, ಕೈಹೊಲಿಗೆಯ ಜೊತೆಗೆ ಡಾಕ್ಟರಮ್ಮನಾಗಿ ನಿಲ್ಲುವುದೂ ಅವಳ ಪಾಲಿನ ಕೆಲಸ. ಮೂರು ವರ್ಷದಿಂದ ಅತ್ತಿಗೆಯ ಹೊಲಿಗೆ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯತನಕ ದುಡಿಯುತ್ತಿದ್ದಳು. ಸಂಬಳ ಎನ್ನುವಂಥದ್ದು ಇರಲಿಲ್ಲ. ತಿಂಗಳ ಕೊನೆಗೆ ಅತ್ತಿಗೆ ಮಡಿಸಿದ ನೋಟುಗಳನ್ನು ಅಂಗೈಗೆ ಒತ್ತಿ, "ಖರ್ಚಿಗೆ ಇಟ್ಕೋ" ಅನ್ನುತ್ತಿದ್ದಳು. ಅಲ್ಲೇ ಬಿಚ್ಚಿ ನೋಡಿದರೆ ಅಣ್ಣನ ಹೆಂಡತಿಗೆ ಅವಮಾನ ಮಾಡಿದಂತೆ ಎಂದು ಇವಳು ಬಸ್ಸು ಹತ್ತುವವರೆಗೂ ಮುಷ್ಟಿ ಬಿಡಿಸುತ್ತಿರಲಿಲ್ಲ.

ಹೋದ ವಾರ ಹೇಗೋ ಧೈರ್ಯ ಮಾಡಿ ಬಾಯಿಬಿಟ್ಟಿದ್ದಳು. "ಅತ್ತಿಗೆ, ಸರ್ಕಾರ ಕನಿಷ್ಠ ವೇತನ ಅಂತ ಗೊತ್ತು ಮಾಡಿದ್ಯಂತೆ. ಎದುರಂಗಡಿ ಇಸ್ತ್ರಿಯವಳಿಗೂ ಅಷ್ಟು ಕೊಡ್ತಾರಂತೆ."

"ಅವಳು ಹೊರಗಿನವಳು ಕಣೇ. ನೀನು ಮನೆಯವಳು. ನಮ್ಮಿಬ್ರ ಮಧ್ಯೆ ಸರ್ಕಾರ ಯಾಕೆ ಬರ್ಬೇಕು?"

ಆ ಮಾತು ಹಿತವಾಗಿತ್ತು. ಹಿತವಾಗಿದ್ದದ್ದಕ್ಕೇ ಮುಂದೆ ಮಾತು ಹೊರಡಲಿಲ್ಲ. ಬಸ್ ಪಾಸಿಗೆಂದು ಗಂಡನ ಮುಂದೆ ಕೈಚಾಚುವಾಗ ಮಾತ್ರ ಆ ಹಿತ ಎಲ್ಲೋ ಇಳಿದುಹೋಗಿತ್ತು.

ಈಗ ಸರ್ಕಾರವೇ ಬಾಗಿಲಿಗೆ ಬಂತು. ಕೊರಳಲ್ಲಿ ಗುರುತಿನ ಚೀಟಿ, ಕಂಕುಳಲ್ಲಿ ಫೈಲು, ಬಿಸಿಲಿಗೆ ಬಾಡಿದ ಮುಖದ ಒಬ್ಬ ಹೆಂಗಸು.

"ಕಾರ್ಮಿಕ ಇಲಾಖೆಯಿಂದ ಬಂದಿದ್ದೀನಿ. ಇಲ್ಲಿ ಎಷ್ಟು ಜನ ಕೆಲಸ ಮಾಡ್ತೀರಿ?"

ಅತ್ತಿಗೆ ಬಾಯಿಂದ ಸೂಜಿ ತೆಗೆದಳು. "ನಾನೊಬ್ಳೇ ಮೇಡಂ."

"ಇವರು?"

"ಇವರಾ? ಗಿರಾಕಿ. ಬಟ್ಟೆ ಹಾಕಿ ನೋಡೋಕೆ ಬಂದಿದ್ದಾರೆ."

ನಾದಿನಿಗೆ ಪಕ್ಕೆಯಲ್ಲಿ ಚುಚ್ಚಿತು. ಸೂಜಿಯೋ ಮಾತೋ ತಿಳಿಯಲಿಲ್ಲ. ಅಳು ಬರಬೇಕಿತ್ತು. ಅದರ ಬದಲು ಎಂದೋ ಮರೆತಿದ್ದ ತುಂಟತನವೊಂದು ಒಳಗಿಂದ ಎದ್ದು ಬಂತು. ಗಿರಾಕಿ ತಾನೆ? ಹಾಗೇ ಆಗಲಿ.

"ಕುತ್ತಿಗೆ ಹತ್ರ ಎಳೀತಿದೆ," ಎಂದಳು ಡಾಕ್ಟರಮ್ಮನ ಗತ್ತಿನಲ್ಲೇ. "ಹೋದ ಸಲವೂ ಹೀಗೇ ಮಾಡಿದ್ರಿ."

ಅತ್ತಿಗೆ ಕಣ್ಣು ಕಣ್ಣು ಬಿಟ್ಟಳು. "ಸರಿ ಮಾಡ್ತೀನಿ... ಮೇಡಂ."

"ನಿಂತು ನಿಂತು ಕಾಲು ಬಿದ್ದುಹೋಯ್ತು. ಗಿರಾಕಿಗಳಿಗೆ ಕುರ್ಚಿ ಇಲ್ವಾ?"

ಕುರ್ಚಿ ಬಂತು. ಅತ್ತಿಗೆಯ ಸ್ವಂತ ಕುರ್ಚಿ, ದಿಂಬು ಸಮೇತ. ಇಷ್ಟು ದಿನ ಕುಂಟು ಸ್ಟೂಲಿನ ಮೇಲೆ ಕಾಲ ಹಾಕಿದವಳು ಸೂಜಿಗಳನ್ನು ಸಂಭಾಳಿಸುತ್ತ ಅದರ ತುದಿಯಲ್ಲಿ ಕೂತಳು. ಫ್ಯಾನು ಇತ್ತ ತಿರುಗಿಸಲು ಹೇಳಿದಳು. ನೀರು ಕೇಳಿದಳು.

ಲೋಟ ಕೊಡುವಾಗ ಅತ್ತಿಗೆ ಹಲ್ಲು ಕಚ್ಚಿ ಪಿಸುಗುಟ್ಟಿದಳು: "ಮನೆಗೆ ಬಾ, ಇದೆ ನಿಂಗೆ."

"ನಿಮ್ಮ ಮನೆ ಎಲ್ಲಿ ಬರುತ್ತೆ?" ನಾದಿನಿ ಎಲ್ಲರಿಗೂ ಕೇಳುವಂತೆ ವಿಚಾರಿಸಿದಳು.

ಇಲಾಖೆಯವಳು ಫೈಲಿನೊಳಗೆ ಮುಖ ಹುದುಗಿಸಿದಳು. ಅಷ್ಟರಲ್ಲಿ ಡಾಕ್ಟರಮ್ಮ ಒಳಗೆ ಬಂದರು.

"ಸ್ವಲ್ಪ ಬಿಡುವು ಸಿಕ್ತು, ಹಾಗೇ ಬಂದೆ. ನನ್ನ ಗೌನು..." ಮಾತು ಕುರ್ಚಿಯ ಬಳಿ ನಿಂತಿತು. ಮೂಲೆಯ ಸ್ಟೂಲಿನಲ್ಲಿ ಗುಂಡಿ ಹೊಲಿಯುವವಳ ಮುಖವನ್ನು ಅವರು ಎಂದೂ ಗಮನಿಸಿರಲಿಲ್ಲ. "ಇದು ನಂದಲ್ವಾ? ಬೇರೆ ಗಿರಾಕಿ ಮೈಮೇಲೆ ಯಾಕಿದೆ?"

ಒಬ್ಬರ ಹೊಸ ಬಟ್ಟೆಯನ್ನು ಇನ್ನೊಬ್ಬರಿಗೆ ತೊಡಿಸುತ್ತಾರೆಂದು ಸುದ್ದಿಯಾದರೆ ಅಂಗಡಿಗೆ ಬೀಗವೇ ಗತಿ. ಅತ್ತಿಗೆ ನಾದಿನಿಯತ್ತ ನೋಡಿದಳು. ಕತ್ತರಿ ದಾರಿ ತಪ್ಪಿದಾಗಲೆಲ್ಲ ಬರುವ ನೋಟ ಅದು, ಹೇಗಾದರೂ ತೇಪೆ ಹಾಕು ಅನ್ನುವ ನೋಟ. ಇವಳು ಹಾಕುತ್ತಲೇ ಬಂದಿದ್ದಳು. ನಾನು ಇಲ್ಲಿ ಕೆಲಸದವಳು ಎಂದು ಈಗಲೂ ತಾನೇ ಹೇಳಿ ಮುಗಿಸಬಹುದಿತ್ತು. ಆದರೆ ಅದನ್ನು ಅತ್ತಿಗೆಯ ಬಾಯಿಂದಲೇ ಕೇಳುವ ಆಸೆ. ನೀರು ಗುಟುಕರಿಸುತ್ತ ಕೂತಳು.

"ಗಿರಾಕಿ ಅಲ್ಲ ಡಾಕ್ಟ್ರೇ," ಕೊನೆಗೂ ಅತ್ತಿಗೆ ಅಂದಳು. "ನಮ್ಮ ಕೆಲಸದವಳೇ. ನಿಮ್ಮ ಅಳತೆಗೆ ಹೊಂದ್ತಾಳೆ ಅಂತ ನಿಲ್ಲಿಸಿದ್ದೆ."

ಇಲಾಖೆಯವಳ ಪೆನ್ನು ಹೊರಬಂತು. "ಎಷ್ಟು ದಿನದಿಂದ?"

"ಈಗ... ಮೊನ್ನೆ ಮೊನ್ನೆ..."

"ಮೂರು ವರ್ಷ," ಎಂದಳು ನಾದಿನಿ.

"ನನ್ನ ನಾದಿನಿ ಮೇಡಂ. ಮನೆ ಹುಡುಗಿ."

"ನಾದಿನಿ ಅಂತ ನನ್ನ ಫಾರಂನಲ್ಲಿ ಕಾಲಂ ಇಲ್ಲಮ್ಮ. ದುಡಿಸ್ಕೊಂಡ ಮೇಲೆ ಕನಿಷ್ಠ ವೇತನಕ್ಕಿಂತ ಕಮ್ಮಿ ಕೊಡೋ ಹಾಗಿಲ್ಲ. ಹಿಂದಿನ ಬಾಕೀನೂ ಕೊಡ್ಬೇಕಾಗುತ್ತೆ."

ಗೌನಿಗೆ ನಾಳೆ ಬರುವುದಾಗಿ ಡಾಕ್ಟರಮ್ಮ ಹೋದರು. ನೋಟಿಸು ಕೊಟ್ಟು ಇಲಾಖೆಯವಳೂ ಹೋದಳು. ಬೇರೆ ಜಾಗವಿಲ್ಲದೆ ಅತ್ತಿಗೆ ಕುಂಟು ಸ್ಟೂಲಿನ ಮೇಲೆ ಕುಸಿದಳು. ಅದು ಒಂದು ಪಕ್ಕಕ್ಕೆ ವಾಲಿತು.

"ನಿಮ್ಮಣ್ಣನಿಗೆ ಏನಂತ ಹೇಳ್ಲೇ?"

"ಅಂಗಡಿಗೆ ಒಬ್ಳನ್ನ ಇಟ್ಕೊಂಡೆ ಅಂತ ಹೇಳಿ."

ಅತ್ತಿಗೆಗೆ ನಗು ತಡೆಯಲಾಗಲಿಲ್ಲ. ಸಿಟ್ಟು ಇನ್ನೂ ಮುಖದ ಮೇಲಿರುವಾಗಲೇ ನಕ್ಕಳು. "ಕುತ್ತಿಗೆ ಹತ್ರ ನಿಜವಾಗ್ಲೂ ಎಳೀತಿತ್ತಾ?"

"ಸ್ವಲ್ಪ."

"ಏಳು ಮತ್ತೆ, ಬಿಚ್ಚು. ನೋಡೋಣ."

ಆ ತಿಂಗಳ ಕೊನೆಗೆ ನೋಟುಗಳು ಮಡಿಕೆಯಿಲ್ಲದೆ ಬಂದವು. ನಾದಿನಿ ಅಲ್ಲೇ, ಎದುರೇ ನಿಂತು, ಬೆರಳಿಗೆ ಎಂಜಲು ತಾಗಿಸಿ ನಿಧಾನವಾಗಿ ಎಣಿಸಿದಳು.

"ನನ್ಮೇಲೆ ನಂಬಿಕೆ ಇಲ್ವಾ?"

"ಇದೆ ಅತ್ತಿಗೆ. ಎಣಿಸಿದ್ರೆ ಹೇಗಿರುತ್ತೆ ಅಂತ ನೋಡ್ತಿದ್ದೆ." ಮತ್ತೊಮ್ಮೆ ಮೊದಲಿನಿಂದ ಎಣಿಸತೊಡಗಿದಳು.