ಮೂರನೆಯ ತಿರುವು

ಮಾಘಮಾಸದ ಸಾಯಂಕಾಲ... ಶಿಕಾರಿಪುರದಿಂದ ಸೊರಬದತ್ತ ಸಾಗುವ ಹಾದಿಯ ಇಕ್ಕೆಲಗಳಲ್ಲೂ ಕೊಯ್ಲು ಮುಗಿದ ಗದ್ದೆಗಳು ಬರಿಮೈಯಲ್ಲಿ ಮಲಗಿದ್ದವು. ಉಳಿದ ಕೂಳೆಗಳ ತುದಿತುದಿಯಲ್ಲೂ ಅಸ್ತಮಾನದ ಅರುಣಕಾಂತಿ ಕ್ಷಣಕಾಲ ತಂಗಿ, ಇಲ್ಲಿ ತನಗಿನ್ನೇನೂ ಕೆಲಸವಿಲ್ಲವೆಂಬಂತೆ ಎದ್ದು ಹೋಗುತ್ತಿತ್ತು. ಅಂಬ್ಲಿಗೊಳದ ಜಲರಾಶಿ ದಂಡೆಯಿಂದ ಹಿಂಜರಿದು ಬಿರುಕುಬಿಟ್ಟ ಕೆಸರನ್ನು ಬಯಲಿಗಿಟ್ಟಿತ್ತು. ಚಳಿ ಹೋಗಿತ್ತು, ಬೇಸಿಗೆ ಬಂದಿರಲಿಲ್ಲ; ಎರಡು ಋತುಗಳ ನಡುವೆ ಯಾರಿಗೂ ಬೇಡವಾಗಿ ಬಿದ್ದಿದ್ದ ಒಂದು ವಿಷಣ್ಣ ಮೌನ! ಸಹೃದಯರೇ, ಪ್ರಕೃತಿ ಹೀಗೆ ಉಸಿರು ಬಿಗಿಹಿಡಿದು ನಿಂತ ಹೊತ್ತಿನಲ್ಲೇ ಮನುಷ್ಯರ ಎದೆಯಲ್ಲಿ ಚಿಗುರಬಾರದ್ದೆಲ್ಲ ಚಿಗುರುತ್ತದೆ. ಆ ಸಾಯಂಕಾಲ ವ್ಯಾನಿನ ಕಿಟಕಿಗೆ ಹಣೆಯಾನಿಸಿ ಕುಳಿತಿದ್ದ ನೀಲಾಂಬಿಕಳ ಮನಸ್ಸಿನಲ್ಲಿ ಒಂದೇ ಜಪ ನಡೆದಿತ್ತು: ಬಲಕ್ಕೆ ತಿರುಗಬೇಕು, ಬಲಕ್ಕೇ ತಿರುಗಬೇಕು.

ತೊಂಬತ್ತರ ದಶಕದ ನಡುವಿನ ಮಾತಿದು. ಶಿಕಾರಿಪುರದಲ್ಲಿ ಭತ್ತ, ಜೋಳದ ಮಂಡಿ ಇಟ್ಟಿದ್ದ ತೋಟಪ್ಪನವರ ಮಗಳು ನೀಲಾಂಬಿಕ, ಅತ್ತು ಕರೆದು, ಊಟ ಬಿಟ್ಟು, ಕೊನೆಗೆ ಅಣ್ಣ ಚಂದ್ರಶೇಖರನ ಶಿಫಾರಸಿನಿಂದ ಊರಿನ ಸಂಸ್ಥೆಯಲ್ಲೇ ಟಿ.ಸಿ.ಎಚ್. ಶಿಕ್ಷಕ ತರಬೇತಿಗೆ ಸೇರಿ, ನಿಯಮದಂತೆ ಅದರ ಹಾಸ್ಟೆಲಿನಲ್ಲಿದ್ದಳು. ಪುಟ್ಟ ಮಕ್ಕಳ ಮುಂದೆ ಸೀಮೆಸುಣ್ಣ ಹಿಡಿದು ನಿಲ್ಲಬೇಕೆಂಬ ಅಭಿಲಾಷೆಯೊಂದನ್ನು ಬಿಟ್ಟರೆ ಆ ಹುಡುಗಿ ಈ ಲೋಕದಿಂದ ಬೇರೇನನ್ನೂ ಬಯಸಿದವಳಲ್ಲ. ಪರೀಕ್ಷೆಯೊಂದು ಮುಗಿದರೆ ಆ ಬಯಕೆ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು.

ಆಗಲೇ ಸಂಸ್ಥೆಯ ಗುರುಪ್ರಕಾಶ್ ಮೇಷ್ಟ್ರು ಮೈಸೂರಿನ ಶಿಬಿರವೊಂದರಿಂದ ಕ್ಯಾಸೆಟ್ಟನ್ನೂ, ಸ್ವಿಂಗ್ ಎಂಬ ಸಾಲುಕುಣಿತವನ್ನೂ ಹೊತ್ತು ತಂದರು. ಸೊರಬದ ಕಲೋತ್ಸವದಲ್ಲಿ ತಮ್ಮ ವಿದ್ಯಾರ್ಥಿಗಳು ಅದನ್ನೇ ಕುಣಿಯಬೇಕೆಂದು ಅವರ ಹಟ. ಪ್ರಾಂಶುಪಾಲೆ ವನಜಮ್ಮನವರ ಮುಖ ಗಂಟಿಕ್ಕಿತು.

"ಹುಡುಗ್ರು ಹುಡುಗೀರು ಕೈ ಹಿಡ್ಕೊಂಡು ಕುಣಿಯೋದೆಲ್ಲ ನಮ್ಮಲ್ಲಿ ಬ್ಯಾಡ್ರೀ ಮೇಷ್ಟ್ರೇ."

"ಕೈ ಹಿಡಿಯೋದೇ ಇಲ್ಲ ಮೇಡಂ! ಎಲ್ರೂ ಸಾಲಾಗಿ ನಿಂತು ಒಂದೇ ಕಡೆ ಮುಖ ಮಾಡ್ತಾರೆ. ಒಬ್ಬರ ಮುಖ ಒಬ್ಬರು ನೋಡೋ ಪ್ರಶ್ನೇನೇ ಬರಲ್ಲ."

ಪಾಪ, ಮೇಷ್ಟ್ರಿಗೆ ಹೆಜ್ಜೆಗಳ ಶಾಸ್ತ್ರ ಗೊತ್ತಿತ್ತು, ಹರೆಯದ ಶಾಸ್ತ್ರ ಮರೆತುಹೋಗಿತ್ತು! ಮೊಳಕಾಲು ಸಡಿಲಿಸಿ, ಹಿಮ್ಮಡಿ ಜಾರಿಸಿ, ತೂಗುತ್ತ ಮುಂದೆ, ತೂಗುತ್ತ ಹಿಂದೆ. ಒಂದು ಆವರ್ತ ಮುಗಿಯುತ್ತಲೇ ಇಡೀ ಸಾಲು ಬಲಕ್ಕೆ ಹೊರಳಿ ಸಭಾಂಗಣದ ಇನ್ನೊಂದು ಗೋಡೆಗೆ ಮುಖ ಕೊಡಬೇಕು. ಮತ್ತೊಂದು ಆವರ್ತ, ಮತ್ತೊಂದು ಗೋಡೆ... ಹೀಗೆ ನಾಲ್ಕೂ ದಿಕ್ಕನ್ನು ಸುತ್ತಿ ಬರುವ ಕುಣಿತವದು. ಮೊದಲ ದಿನವೇ ನೀಲಾಂಬಿಕ ಎಲ್ಲರೂ ಬಲಕ್ಕೆ ಹೊರಳಿದಾಗ ಎಡಕ್ಕೆ ಹೊರಳಿದಳು. ಅವಳ ಎಡಗಡೆ ನಿಂತಿದ್ದ ಲೋಕೇಶ ಸರಿಯಾಗಿ ಬಲಕ್ಕೇ ತಿರುಗಿದ್ದ. ಒಂದು ಮಾರಿನಷ್ಟೂ ದೂರವಿಲ್ಲದೆ ಇಬ್ಬರ ಮುಖಗಳೂ ಎದುರುಬದುರಾದವು.

ಲೋಕೇಶ ಸೊರಬದ ಕಡೆಯ ರೈತರ ಮಗ. ಜಾತಿ ಬೇರೆ, ಮನೆದೇವರು ಬೇರೆ. ನಗುವ ಮುನ್ನ ಅನುಮತಿ ಕೇಳುವವನಂತೆ ಒಂದು ಕ್ಷಣ ತಡೆಯುವ ಸ್ವಭಾವ ಅವನದು. ಅವತ್ತೂ ಹಾಗೇ ತಡೆದು, ನಕ್ಕು, ಮೆಲ್ಲನೆ ಹೇಳಿದ:

"ಊಟ ಮಾಡೋ ಕೈ ಕಡೆ ತಿರುಗಿ ಅಂತ ನೆನಪಿಟ್ಕೊಳ್ಳಿ. ಸುಲಭ ಆಗ್ತದೆ."

ಅದು ಸುಲಭವೇ ಆಯಿತು. ಎರಡು ದಿನದಲ್ಲಿ ನೀಲಾಂಬಿಕಳ ಕಾಲಿಗೆ ಬಲ ಯಾವುದು, ಎಡ ಯಾವುದು ಎಂಬುದು ಚೆನ್ನಾಗಿ ತಿಳಿದುಹೋಯಿತು. ಆದರೂ ಮೊದಲ ತಿರುವು ಬಂದಾಗಲೆಲ್ಲ ಅವಳು ಎಡಕ್ಕೇ ಹೊರಳಿದಳು! ಮೇಷ್ಟ್ರು ಗದರಿದರು, ಗೆಳತಿಯರು ನಕ್ಕರು, ಅವಳು ನಾಲಗೆ ಕಚ್ಚಿಕೊಂಡು ಸರಿಪಡಿಸಿಕೊಂಡಳು. ಆ ನಡುವಿನ ನಿಮಿಷಾರ್ಧದಲ್ಲಿ ಎರಡು ಜೊತೆ ಕಣ್ಣುಗಳು ಏನೇನು ಆಡಿಕೊಂಡವೋ! ಕಾಗದ ಬರೆಯಲಿಲ್ಲ, ಕೆರೆಯ ಏರಿಯ ಮೇಲೆ ಭೇಟಿಯಾಗಲಿಲ್ಲ. ಅವರ ಪ್ರೇಮವೆಲ್ಲ ನಡೆದದ್ದು ತಪ್ಪಿದ ಆ ಒಂದು ತಿರುವಿನಲ್ಲೇ. ಮೋಡದ ಸಂದಿಯಿಂದ ಅಂಗಳಕ್ಕೆ ಬಿದ್ದ ಬಿಸಿಲಿನಷ್ಟು ಸಣ್ಣ ಸುಖ... ಅಷ್ಟಕ್ಕೇ ಅವಳು ಇಡೀ ದಿನ ಕಾಯುತ್ತಿದ್ದಳು.

ಜನರ ಕಣ್ಣು ಸುಮ್ಮನಿರುತ್ತದೆಯೇ? ಮಾತು ಸಂಸ್ಥೆಯ ಗೇಟು ದಾಟಿತು, ಮಾರುಕಟ್ಟೆಯನ್ನು ಸೇರಿತು, ಚಂದ್ರಶೇಖರನ ಕಿವಿಗೂ ಬಿತ್ತು. ಅವನು ಕೂಗಾಡಲಿಲ್ಲ. ತಂಗಿಯನ್ನು ಮಂಡಿಯ ಹಿಂದಿನ ಕೋಣೆಗೆ ಕರೆದು, ಚೀಲಗಳ ನಡುವೆ ನಿಲ್ಲಿಸಿ, ತಣ್ಣಗೆ ಮಾತಾಡಿದ.

"ನೀಲಾ, ಊರಾಗೆ ಏನೇನೋ ಮಾತಾಡಕತ್ತಾರೆ. ನೀ ಬೇಕಂತಲೇ ಆ ಹುಡುಗನ ಕಡೆ ತಿರುಗ್ತೀಯಂತೆ. ನಾನು ಸೊರಬಕ್ಕೆ ಬಂದು ಮುಂದಿನ ಸಾಲಿನಾಗೆ ಕೂರ್ತೀನಿ. ನೀ ಎಲ್ಲರಂಗೆ ತಿರುಗಿದ್ರೆ, ಇದೆಲ್ಲ ಸುಳ್ಳು ಅಂತ ಅಪ್ಪಾಜಿಗೆ ನಾನೇ ಹೇಳ್ತೀನಿ. ಪರೀಕ್ಷೆ ಬರಿ, ಟೀಚರ್ ಆಗು. ಆದ್ರೆ ಆ ಹುಡುಗನ ಕೂಡ ಒಂದು ಮಾತೂ ಆಡಂಗಿಲ್ಲ. ತಪ್ಪಿದ್ಯೋ, ಅವತ್ತೇ ಓದು ಬಂದ್."

"ಆಗ್ಲಿ ಅಣ್ಣಾ," ಎಂದಳು ನೀಲಾಂಬಿಕ.

ಮರುದಿನದಿಂದ ಅವಳು ಒಮ್ಮೆಯೂ ತಪ್ಪಲಿಲ್ಲ. ಮೊದಲ ತಿರುವಿಗೆ ಇಡೀ ಸಾಲಿನೊಂದಿಗೆ ಬಲಕ್ಕೆ ಹೊರಳಿದಳು. ಲೋಕೇಶನ ಪಾಲಿಗೆ ಉಳಿದದ್ದು ಅವಳ ಜಡೆ, ಅವಳ ಬೆನ್ನು. ಹಿಂದಿನಿಂದ ಅವನ ದೃಷ್ಟಿ ತನ್ನನ್ನು ಏನೋ ಕೇಳುತ್ತಿದೆ ಎಂಬುದು ಅವಳಿಗೆ ತಿಳಿಯುತ್ತಿತ್ತು. ಮೇಷ್ಟ್ರು ಮಾತ್ರ, "ಭೇಷ್! ಕೊನೆಗೂ ಬಂತಲ್ಲಮ್ಮ!" ಎಂದು ಚಪ್ಪಾಳೆ ತಟ್ಟಿದರು.

ಹಾಸ್ಟೆಲಿನ ಗೆಳತಿ ಜಗದಾಂಬ ಒಂದು ದಿನ ಬಾಯಿ ಬಿಟ್ಟೇ ಕೇಳಿದಳು: "ನಿಮ್ಮಣ್ಣ ಹೇಳಿದ್ದನ್ನ ಅವನಿಗೆ ನಾನಾದ್ರೂ ತಿಳಿಸ್ಲೇನೇ? ಸೊರಗಿ ಹೋಗಿದಾನೆ ಕಣೇ."

"ಬ್ಯಾಡ ಜಗ್ಗಿ. ಅವನಿಗೆ ಗೊತ್ತಾದ್ರೆ ಅವನ ಮುಖದ ಮ್ಯಾಲೆ ಕಾಣ್ತೈತೆ. ಅಣ್ಣ ಓದ್ಕೊಂಡ್ಬಿಡ್ತಾನೆ. ಸೊರಬದ್ದು ಮುಗೀಲಿ, ಆಮೇಲೆ ನಾನೇ ಹೇಳ್ತೀನಿ."

ಆಮೇಲೆ! ಯೌವನಕ್ಕೆ ಆ ಪದದ ಮೇಲೆ ಎಂಥ ಭರವಸೆ...

ಆ ಮಾಘದ ಸಾಯಂಕಾಲ ವ್ಯಾನು ಸೊರಬ ತಲುಪಿತು; ವೇದಿಕೆಯಲ್ಲಿ ದೀಪಗಳು ಹೊತ್ತಿಕೊಂಡವು. ಮುಂದಿನ ಸಾಲಿನ ಕುರ್ಚಿಯಲ್ಲಿ ಕೈಕಟ್ಟಿ ಕುಳಿತಿದ್ದ ಅಣ್ಣನ ಬಿಳಿ ಅಂಗಿ ನೀಲಾಂಬಿಕಳಿಗೆ ಮೊದಲು ಕಂಡಿತು. ಕ್ಯಾಸೆಟ್ಟು ಸುತ್ತತೊಡಗಿತು, ಸಾಲು ತೂಗಿತು. ಮೊದಲ ತಿರುವು... ಅವಳು ಬಲಕ್ಕೆ ಹೊರಳಿದಳು. ಗೆದ್ದೆ! ಎಂದಿತು ಮನಸ್ಸು. ಎರಡನೆಯದಕ್ಕೆ ಎಲ್ಲರೂ ಸಭಿಕರಿಗೆ ಬೆನ್ನಾದರು. ಇನ್ನು ಮೂರನೆಯ ತಿರುವಿನಲ್ಲಿ ಲೋಕೇಶ ಅವಳ ಮುಂದಾಗುತ್ತಾನೆ, ಅವಳಿಗೆ ಕಾಣುವುದು ಅವನ ಬೆನ್ನು. ಅಲ್ಲಿ ಅವಳು ತಪ್ಪುವ ಭಯವೇ ಇರಲಿಲ್ಲ. ಇಡೀ ಸಾಲು ಬಲಕ್ಕೆ ಹೊರಳಿತು, ನೀಲಾಂಬಿಕಳೂ ಹೊರಳಿದಳು.

ಅವಳ ಕಣ್ಣೆದುರಿಗೆ ಬೆನ್ನಿರಲಿಲ್ಲ, ಮುಖವಿತ್ತು!

ಎಂದೂ ತಪ್ಪದ ಲೋಕೇಶ, ಊಟ ಮಾಡುವ ಕೈಯನ್ನು ನೆನಪಿಸಿಕೊಟ್ಟಿದ್ದ ಲೋಕೇಶ, ಎಡಕ್ಕೆ ತಿರುಗಿ ನಿಂತಿದ್ದ. ಅವನ ನೋಟದಲ್ಲಿ ಹುಡುಗಾಟವಿರಲಿಲ್ಲ. ನಾನೇನು ಮಾಡಿದೆ? ಯಾಕೆ ತಿರುಗಿ ನೋಡುವುದನ್ನು ಬಿಟ್ಟೆ? ಎಂಬ ಒಂದೇ ಆರ್ತ ಪ್ರಶ್ನೆ... ಸಭೆ ಗೊಳ್ಳೆಂದು ನಕ್ಕಿತು. ತಪ್ಪು ಅವನದು; ಅವಳು ಅವನ ಭುಜದಾಚೆಗೆ ದೃಷ್ಟಿ ನೆಟ್ಟು ಹೆಜ್ಜೆ ಮುಂದುವರಿಸಿದ್ದರೆ ಸಾಕಾಗಿತ್ತು, ಅವಳ ಪರೀಕ್ಷೆ, ಅವಳ ಶಾಲೆ, ಅವಳ ಮಕ್ಕಳು, ಎಲ್ಲವೂ ಉಳಿಯುತ್ತಿದ್ದವು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅವಳು ಅವನನ್ನೇ ನೋಡಿದಳು. ಎಷ್ಟೋ ದಿನದ ಬರ ಕಂಡ ನೆಲದ ಮೇಲೆ ಮಳೆ ಬಿದ್ದ ಹಾಗೆ ಅವಳ ಮುಖದ ಮೇಲೆ ನಗು, ನಗುವಿನ ಹಿಂದೆಯೇ ಕಣ್ಣೀರು ಬಂದವು.

ಕುಣಿತ ಮುಗಿದು ಪರದೆ ಬಿದ್ದಾಗ ಅಣ್ಣ ವೇದಿಕೆಯ ಹಿಂದೆ ನಿಂತಿದ್ದ.

"ನಾನೆಲ್ಲೂ ತಪ್ಪಲಿಲ್ಲ ಅಣ್ಣಾ..."

"ಹೆಜ್ಜೆ ನೋಡಾಕೆ ಬಂದಿರಲಿಲ್ಲವ್ವ ನಾನು," ಎಂದ ಚಂದ್ರಶೇಖರ. ಅವನ ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಾಗಿತ್ತು. "ಮುಖ ನೋಡಾಕೆ ಬಂದಿದ್ದೆ. ನಡಿ."

ಅಂದು ರಾತ್ರಿಯೇ ಅಣ್ಣ ಅವಳನ್ನು ಜೀಪಿನಲ್ಲಿ ನೇರ ಮನೆಗೆ ಕರೆದೊಯ್ದ. ಮರುದಿನ ಜಗದಾಂಬ ಹಾಸ್ಟೆಲಿನಿಂದ ಅವಳ ಟ್ರಂಕನ್ನು ತಂದುಕೊಟ್ಟಳು. ನೀಲಾಂಬಿಕ ಪರೀಕ್ಷೆಗೆ ಕೂರಲಿಲ್ಲ. ಬೇಸಿಗೆ ಬಲಿಯುವ ಮೊದಲೇ ಹಾವೇರಿಯ ಕಡೆಯ ಹತ್ತಿ ವ್ಯಾಪಾರಿಯೊಬ್ಬನಿಗೆ ಅವಳನ್ನು ಕೊಡುವುದೆಂದು ಮಾತಾಯಿತು. ಹುಡುಗಿ ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ, ಅವಳನ್ನು ಯಾರೂ ಕೇಳಲೂ ಇಲ್ಲ.

ಮದುವೆಯ ಮುಂಜಾನೆ ಅರಿಸಿನ ಹಚ್ಚಲು ಬಂದ ಜಗದಾಂಬ, ಬೇರೆಯವರು ಆಚೆ ಹೋದ ಗಳಿಗೆಯಲ್ಲಿ, ಕಿವಿಯ ಹತ್ತಿರ ಬಾಗಿದಳು.

"ನಿಮ್ಮಣ್ಣ ಬಂದಿದ್ದು ಅವನಿಗೆ ಗೊತ್ತೇ ಇರ್ಲಿಲ್ಲ ಕಣೇ. ನಿಂಗೆ ಸಿಟ್ಟು ಬಂದೈತೆ ಅಂದ್ಕೊಂಡಿದ್ನಂತೆ. ಈಗ ತನ್ನಿಂದಲೇ ನಿನ್ನ ಓದು ಹೋಯ್ತು ಅಂತ ಅನ್ನ ನೀರು ಬಿಟ್ಟಿದಾನೆ... ಅವನ ಮ್ಯಾಲೆ ನಿಂಗೆ ಸಿಟ್ಟಿಲ್ವಾ?"

ಹೊರಗೆ ವಾಲಗದವರು ಶ್ರುತಿ ಹಿಡಿಯುತ್ತಿದ್ದರು.

"ಅವನು ತಿರುಗಿದ ಅಷ್ಟೇ ಜಗ್ಗಿ. ನೋಡಿದೋಳು ನಾನು. ನೋಡ್ದಂಗೆ ಇರಬಹುದಿತ್ತು, ನಂಗೆ ಗೊತ್ತಿತ್ತು. ಅವನಿಗೆ ಹಂಗಂತ ಹೇಳು."

ಸಹೃದಯರೇ, ಜಗದಾಂಬ ಹೇಳಿದಳೋ ಇಲ್ಲವೋ ನನಗೆ ತಿಳಿಯದು. ಮುಚ್ಚಿಡುವುದು ಬದುಕುವುದಕ್ಕೆ ಬೇಕಾದ ವಿದ್ಯೆ; ಅದನ್ನು ಕಲಿಯದವರು ಸುಖಪಟ್ಟದ್ದನ್ನು ನಾನು ಕಂಡಿಲ್ಲ. ಆದರೂ ತನ್ನ ಸರ್ವಸ್ವವೂ ಹೋಗುತ್ತದೆಂದು ತಿಳಿದ ಮೇಲೂ, ತನ್ನನ್ನು ಕೇಳಿದ ಕಣ್ಣುಗಳಿಗೆ ಸುಳ್ಳು ಹೇಳಲಾರದೆ ಹೋಗುವ ಒಂದು ಕ್ಷಣ ಮನುಷ್ಯಹೃದಯಕ್ಕೆ ಬರುತ್ತದೆ... ಆ ಕ್ಷಣವನ್ನು ದುರ್ಬಲತೆಯೆಂದು ಕರೆಯಲು ನನ್ನ ನಾಲಗೆ ಏಳುವುದಿಲ್ಲ. ಅರಿಸಿನ ಒಣಗಿದ ಮುಖದಲ್ಲಿ ನೀಲಾಂಬಿಕ ತಾನಾಗಿಯೇ ಎದ್ದು, ಯಾರ ಕೈಯನ್ನೂ ಹಿಡಿಯದೆ, ಹಸೆಮಣೆಯತ್ತ ನಡೆದಳು.