ತಿರುಚಿದ ಮೂಲೆ

ಮುನಿಲಕ್ಷ್ಮಿಯ ಹತ್ತಿರ ತಿರುಗಿಸಿ ಬಣ್ಣ ಕೂಡಿಸುವ ಹನ್ನೊಂದು ಕ್ಯೂಬುಗಳಿದ್ದವು. ಶಿಡ್ಲಘಟ್ಟದ ಒಂದು ಫಿಲೇಚರಿನಲ್ಲಿ, ಗೂಡಿನಿಂದ ನೂಲು ತೆಗೆಯುವ ಕಾರ್ಖಾನೆಯಲ್ಲಿ, ಅವಳಿಗೆ ರೇಷ್ಮೆ ಎಳೆ ಹಿಡಿಯುವ ಕೆಲಸ. ಬಿಸಿನೀರಿನಲ್ಲಿ ತೇಲುವ ಬೆಂದ ಗೂಡುಗಳ ಮೇಲೆ ಬೆರಳಾಡಿಸಿ, ಎಳೆಯ ತುದಿ ಹುಡುಕಿ ಯಂತ್ರಕ್ಕೆ ಕೊಡಬೇಕು. ಭಾನುವಾರ ರಜೆ. ಆ ರಜೆಗಳಲ್ಲಿ ಚಿಕ್ಕಬಳ್ಳಾಪುರದ ತಳ್ಳುಗಾಡಿಗಳಲ್ಲಿ, ಚಿಂತಾಮಣಿಯ ಆಟಿಕೆ ಅಂಗಡಿಗಳಲ್ಲಿ ಹುಡುಕಿ ಹುಡುಕಿ ಅವನ್ನು ಒಂದೊಂದಾಗಿ ಕೂಡಿಸಿದ್ದಳು. ಮೂರು ಸಾಲಿನವು ಏಳು, ಎರಡು ಸಾಲಿನವು ಎರಡು, ನಾಲ್ಕು ಸಾಲಿನದೊಂದು, ಗೋಪುರದ ಆಕಾರದ್ದೊಂದು.

ಮೂವತ್ತು ದಾಟಿದ ಹೆಂಗಸು ಮಕ್ಕಳ ಆಟದ ಸಾಮಾನು ಕೂಡಿಡುತ್ತಾಳೆಂದು ಬೀದಿಯವರು ನಗುತ್ತಿದ್ದರು. ಅವಳ ತಾಯಿ ಅಕ್ಕಯಮ್ಮ ನಗುತ್ತಿರಲಿಲ್ಲ. ಅವಳೂ ಎಳೆ ಹಿಡಿದೇ ಬದುಕಿದವಳು. ಒಂದು ದಿನ ಮಗಳ ಕೈಯನ್ನೇ ನೋಡುತ್ತಾ ಕೂತಿದ್ದವಳು, "ಮಣಿಕಟ್ಟೆಲ್ಲಾ ಯಾಕಮ್ಮ ತಿರುಗಿಸ್ತೀಯ? ಎಳೆ ಎತ್ತೋ ಹಂಗೆ ಉಂಗುರದ ಬೆರಳಲ್ಲಿ ತಳ್ಳು" ಅಂದಳು. ಹಾಗೆ ತಳ್ಳುವುದನ್ನು ರೂಢಿಸಿಕೊಂಡ ಮೇಲೆ ಎರಡು ನಿಮಿಷ ಹಿಡಿಯುತ್ತಿದ್ದ ಆಟ ಐವತ್ತು ಸೆಕೆಂಡಿಗೆ ಇಳಿಯಿತು. ಮುನಿಲಕ್ಷ್ಮಿ ತಾನು ಕಂಡುಕೊಂಡ ದಾರಿಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಚಿತ್ರ ಹಾಕಿ ಬರೆದಿಡುತ್ತಿದ್ದಳು. ಇದಕ್ಕೆ 'ಅಕ್ಕಯಮ್ಮನ ತಿರುವು' ಎಂದು ಹೆಸರಿಟ್ಟಳು. ಮರುವರ್ಷ ಅಕ್ಕಯಮ್ಮ ತೀರಿಕೊಂಡಳು.

ಚಿಂತಾಮಣಿಯಲ್ಲಿ ಕನಕರಾಜ್ ಎಂಬುವನ ಬ್ರೌಸಿಂಗ್ ಸೆಂಟರ್ ಇತ್ತು. ಬೇರೆ ದೇಶಗಳವರು ಕ್ಯೂಬು ಹೇಗೆ ಬಿಡಿಸುತ್ತಾರೆಂದು ನೋಡಲು ೨೦೦೭ರಲ್ಲಿ ಮುನಿಲಕ್ಷ್ಮಿ ಅಲ್ಲಿಗೆ ಹೋಗತೊಡಗಿದಳು. ಕನಕರಾಜ್ ಅವಳ ಬೆರಳುಗಳ ಓಟ ಕಂಡು ಬೆರಗಾದ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ಕಲಿತ. ನಾಲ್ಕಾರು ಭಾನುವಾರ ಅವಳು ಬೇಸರವಿಲ್ಲದೆ ಹೇಳಿಕೊಟ್ಟಳು. ತನ್ನ ಆಟವನ್ನು ಅಷ್ಟು ಗೌರವದಿಂದ ನೋಡಿದವರು ಅವಳಿಗೆ ಬೇರೆ ಯಾರೂ ಸಿಕ್ಕಿರಲಿಲ್ಲ. ಅವನು ಅವಳ ಕೈಗಳ ಫೋಟೋ ತೆಗೆದ. "ನೋಟ್‌ಬುಕ್ ಕೊಡಮ್ಮ, ಜೆರಾಕ್ಸ್ ಮಾಡಿಸ್ಕೊಂಡು ಮುಂದಿನ ವಾರ ಕೊಡ್ತೀನಿ" ಅಂದ. ಕೊಟ್ಟಳು. ಮುಂದಿನ ವಾರ ಅವನು ಊರಿನಲ್ಲಿರಲಿಲ್ಲ. ಅದರ ಮುಂದಿನ ವಾರ ಪುಸ್ತಕ ಎಲ್ಲೋ ಇಟ್ಟು ಮರೆತಿದ್ದ.

ಐದು ತಿಂಗಳಾದ ಮೇಲೆ ಮಂಚೇನಹಳ್ಳಿಯಲ್ಲಿದ್ದ ಅಕ್ಕನ ಮನೆಗೆ ಹೋಗಿದ್ದ ಮುನಿಲಕ್ಷ್ಮಿ, ಬಟ್ಟೆ ತರಲೆಂದು ಗೌರಿಬಿದನೂರಿಗೆ ಹೋದಳು. ಅಲ್ಲಿ ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಒಂದು ತೆಳ್ಳನೆಯ ಪುಸ್ತಕ ನೇತುಹಾಕಿದ್ದರು: 'ಕ್ಯೂಬ್ ಕಲಿಯಿರಿ'. ಮುಖಪುಟದ ಮೇಲೆ ಟೈ ಕಟ್ಟಿಕೊಂಡ ಕನಕರಾಜನ ಮುಖ. ಬಿಡಿಸಿ ನೋಡಿದಳು. ಚಿತ್ರಗಳು ಅವಳವು. ಸಾಲುಗಳು ಅವಳವು. ಪುಟ ಹದಿನಾಲ್ಕರಲ್ಲಿ ಕ್ಯೂಬು ಹಿಡಿದ ಕೈಗಳು ಅವಳವು, ಬಿಸಿನೀರಿಗೆ ಬಿಳಚಿಕೊಂಡ ಬೆರಳತುದಿಗಳು, ಎಡಗೈ ಹೆಬ್ಬೆರಳಿನ ಸುಟ್ಟ ಕಲೆ, ಎಲ್ಲ ಹಾಗೆಯೇ. ಕೆಳಗೆ ಬರೆದಿತ್ತು: 'ಕನಕ ತಿರುವು'.

ಅವಳು ಬಟ್ಟೆ ಕೊಳ್ಳಲಿಲ್ಲ. ಆ ಪುಸ್ತಕ ಕೊಂಡು ನೇರ ಚಿಂತಾಮಣಿಗೆ ಹೋದಳು.

"ಏನ್ ಸಾರ್ ಇದು?"

ಕನಕರಾಜ್ ನಕ್ಕ. "ಕೂತ್ಕೋಮ್ಮ. ನಿನ್ ಹೆಸರು ಹಾಕಿದ್ರೆ ಯಾರು ಓದ್ತಾರೆ ಹೇಳು? ಗೂಡು ಬೇಯಿಸೋಳು ಬರ್ದಿದ್ದು ಅಂತ ಗೊತ್ತಾದ್ರೆ ಯಾರಾದ್ರೂ ಮಕ್ಕಳನ್ನ ಕ್ಲಾಸಿಗೆ ಕಳಿಸ್ತಾರಾ?"

"ನಮ್ಮಮ್ಮನ ಹೆಸರು ಇತ್ತಲ್ಲ ಅದ್ರಲ್ಲಿ. ಅದನ್ನ ಯಾಕೆ ತೆಗೆದ್ರಿ?"

"ಅಕ್ಕಯಮ್ಮ ಅನ್ನೋದು ಹಳ್ಳಿ ಹೆಸರು ಕಣಮ್ಮ. ಕೇಳಿದೋರು ನಗ್ತಾರೆ."

ಬಸ್ಸಿನಲ್ಲಿ ಶಿಡ್ಲಘಟ್ಟದವರೆಗೂ ಆ ಮಾತೇ ಕಿವಿಯಲ್ಲಿತ್ತು. ಮನೆಗೆ ಬಂದವಳೇ ಕೈಗೆ ಸಿಕ್ಕ ಕ್ಯೂಬನ್ನು ಗೋಡೆಗೆ ಬೀಸಿ ಹೊಡೆದಳು. ಅದು ಇಪ್ಪತ್ತು ತುಂಡಾಗಿ ಮನೆ ತುಂಬ ಚೆಲ್ಲಿತು. ಸಿಟ್ಟು ಇಳಿದ ಮೇಲೆ ಮಂಚದ ಕೆಳಗೆಲ್ಲ ತಡಕಿ ತುಂಡುಗಳನ್ನು ಆರಿಸಿ ಜೋಡಿಸಿದಳು. ಬಿಡಿಸಲು ಕೂತಳು. ಬಿಡಿಸಲು ಆಗಲಿಲ್ಲ. ಕೊನೆಗೆ ಒಂದೇ ಒಂದು ಮೂಲೆ ಅಡ್ಡ ತಿರುಗಿ ಉಳಿಯುತ್ತಿತ್ತು. ಅದನ್ನು ಸರಿಮಾಡಲು ಹೋದರೆ ಕೆಳಗಿನ ಸಾಲುಗಳು ಕೆಡುತ್ತಿದ್ದವು.

ಒಂಬತ್ತು ದಿನ ಅವಳು ಅದರ ಹಿಂದೆ ಬಿದ್ದಳು. ಬಿಚ್ಚಿದಳು, ಕೂಡಿಸಿದಳು, ಮತ್ತೆ ಬಿಚ್ಚಿದಳು. ಹತ್ತನೆಯ ದಿನ ಫಿಲೇಚರಿನಲ್ಲಿ ಗೂಡು ತೇಲುವ ಬೇಸಿನ್ನಿನ ಮುಂದೆ ನಿಂತಿದ್ದಾಗ ಹೊಳೆಯಿತು. ಜೋಡಿಸುವಾಗ ಒಂದು ಮೂಲೆಯನ್ನು ತಿರುಚಿ ಕೂರಿಸಿದರೆ, ಆಮೇಲೆ ಎಷ್ಟು ಸಾವಿರ ಸಲ ತಿರುಗಿಸಿದರೂ ಆ ಕ್ಯೂಬು ಕೂಡುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಗೊತ್ತಾಗುವುದೂ ಇಲ್ಲ. ಇದು ಅವಳ ನೋಟ್‌ಬುಕ್ಕಿನಲ್ಲಿರಲಿಲ್ಲ. ಆದ್ದರಿಂದ ಕನಕರಾಜನ ಪುಸ್ತಕದಲ್ಲೂ ಇರಲಿಲ್ಲ.

ಪಕ್ಕದ ಬೇಸಿನ್ನಿನ ಅಮ್ಮಾಜಮ್ಮ ಅವಳ ಮುಖ ನೋಡಿ, "ಏನೇ, ಒಬ್ಳೇ ನಗ್ತಿದ್ದೀಯ? ಇನ್ನೂ ಆ ಚಿಂತಾಮಣಿಯವನ ಯೋಚ್ನೆನೇನಾ? ಪೋನೀಲೇ ಅಮ್ಮ, ಹೋಗ್ಲಿ ಬಿಡು, ದೇವ್ರು ನೋಡ್ಕೊಂತಾನೆ" ಅಂದಳು.

"ದೇವ್ರಿಗೆ ಕ್ಯೂಬ್ ಬರಲ್ಲ ಅಮ್ಮಾಜಕ್ಕ. ನಾನೇ ನೋಡ್ಕೊಂತೀನಿ."

ಒಂದು ವರ್ಷ ಕಾದಳು. ಕನಕರಾಜ್ ಬೆಳೆಯುತ್ತಾ ಹೋದ. ಚಿಂತಾಮಣಿಯಲ್ಲಿ ಕ್ಲಾಸು, ಗೌರಿಬಿದನೂರಿನಲ್ಲಿ ಕ್ಲಾಸು, ಕೈವಾರದ ದಾರಿಯ ಗೋಡೆಗಳ ಮೇಲೂ ಅವನ ಪೋಸ್ಟರು. ಬೆಳೆಯಲಿ ಎಂದೇ ಅವಳು ಬಯಸಿದಳು. ಎತ್ತರಕ್ಕೆ ಹೋದಷ್ಟೂ ಬೀಳುವುದು ಎಲ್ಲರಿಗೂ ಕಾಣುತ್ತದೆ. ಅವಳು ಮಾತ್ರ ಪ್ರತಿದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಗಡಿಯಾರ ಇಟ್ಟುಕೊಂಡು ಐವತ್ತು ಸಲ ಬಿಡಿಸುತ್ತಿದ್ದಳು. ಐವತ್ತು ಸೆಕೆಂಡು ನಲವತ್ತಾಯಿತು, ಮೂವತ್ತಾಯಿತು, ಇಪ್ಪತ್ತಾರಕ್ಕೆ ಬಂತು.

೨೦೦೯ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ಒಂದು ಕಲ್ಯಾಣಮಂಟಪದಲ್ಲಿ ಕನಕರಾಜನ ಪ್ರದರ್ಶನ. 'ಯಾರು ಯಾವ ಕ್ಯೂಬು ತಂದರೂ ಒಂದೇ ನಿಮಿಷ' ಎಂದು ಕರಪತ್ರ ಹಂಚಿದ್ದರು. ಇನ್ನೂರು ಜನ ತಂದೆತಾಯಿಗಳು ಬಂದಿದ್ದರು. ಮುಂದಿನ ಸಾಲಿನಲ್ಲಿ ಅವನ ಹೆಂಡತಿ ವರಲಕ್ಷ್ಮಿ ರೇಷ್ಮೆ ಸೀರೆಯುಟ್ಟು ಕೂತಿದ್ದಳು. ಮುನಿಲಕ್ಷ್ಮಿ ಹಿಂದಿನ ಸಾಲಿನಲ್ಲಿ ಕೂತಳು. ಅವಳ ಬ್ಯಾಗಿನಲ್ಲಿ ಎರಡು ಕ್ಯೂಬುಗಳಿದ್ದವು.

ಮೊದಲು ಒಳ್ಳೆಯದನ್ನು ಮುಂದಕ್ಕೆ ಕೊಟ್ಟು ಕಳಿಸಿದಳು. ಕನಕರಾಜ್ ಐವತ್ತೆಂಟು ಸೆಕೆಂಡಿನಲ್ಲಿ ಕೂಡಿಸಿದ. ಚಪ್ಪಾಳೆ ಬಿತ್ತು. ಚಪ್ಪಾಳೆ ನಿಲ್ಲುವವರೆಗೂ ತಡೆದು, ಎರಡನೆಯದನ್ನು ಕಳಿಸಿದಳು.

ಒಂದು ನಿಮಿಷವಾಯಿತು. ಅವನು ನಕ್ಕು, ಮತ್ತೆ ಮೊದಲಿನಿಂದ ಶುರುಮಾಡಿದ. ಮೂರು ನಿಮಿಷವಾಯಿತು. ಒಂದು ಮೂಲೆ ಅಡ್ಡ ತಿರುಗಿ ನಿಲ್ಲುತ್ತಿತ್ತು, ಅದನ್ನು ಹಿಡಿದರೆ ಕೆಳಗಿನದು ಕೆಡುತ್ತಿತ್ತು. ಕೈ ಬೆವರಿ ಕ್ಯೂಬು ಜಾರಿತು. ಹಿಂದಿನಿಂದ ಯಾರೋ ಕೆಮ್ಮಿದರು, ಯಾರೋ ನಕ್ಕರು. ಏಳನೆಯ ನಿಮಿಷಕ್ಕೆ ಅವನು ಮೈಕು ತೆಗೆದುಕೊಂಡ.

"ಈ ಕ್ಯೂಬ್ ಕೆಟ್ಟಿದೆ."

ಮುನಿಲಕ್ಷ್ಮಿ ಎದ್ದು ನಿಂತಳು. "ಎಲ್ಲಿ ಕೆಟ್ಟಿದೆ ಸಾರ್? ತೋರಿಸಿ."

ಅವನು ಅವಳನ್ನು ಗುರುತು ಹಿಡಿದ. ಮುಖ ಬಿಳಚಿತು. ಅವಳು ನಿಧಾನವಾಗಿ ನಡೆದು ವೇದಿಕೆ ಹತ್ತಿದಳು. ಅವನ ಕೈಯಿಂದ ಕ್ಯೂಬು ತೆಗೆದುಕೊಂಡು ಬರಬರನೆ ತಿರುಗಿಸಿ, ಒಂದು ಮೂಲೆ ಮಾತ್ರ ಉಳಿದದ್ದನ್ನು ಜನರ ಕಡೆಗೆ ಹಿಡಿದಳು. ಹೆಬ್ಬೆರಳಿನಿಂದ ಆ ಮೂಲೆಯನ್ನು ಒತ್ತಿ ತಿರುಚಿದಳು. ಕಟಕ್ ಎಂದಿತು. ಆರೂ ಮುಖಗಳು ಕೂಡಿದ್ದವು.

"ಇಲ್ಲಿ ಕೆಟ್ಟಿತ್ತು. ಕ್ಯೂಬ್ ಗೊತ್ತಿರೋರಿಗೆ ಕೊನೇ ಮೂಲೆ ಹಿಂಗೆ ನಿಂತಾಗ್ಲೇ ತಿಳಿಯುತ್ತೆ. ಇವರು ಬರೆದಿದ್ದಾರೆ ಅಂತಾರಲ್ಲ, ಆ ಪುಸ್ತಕ ನಂದು. ಯಾರ ಹತ್ರ ಆದ್ರೂ ಇದ್ರೆ ಹದಿನಾಲ್ಕನೇ ಪುಟ ತೆಗೀರಿ." ಅವಳು ಎರಡೂ ಕೈಗಳನ್ನು ಎತ್ತಿ ಹಿಡಿದಳು. "ಈ ಕೈ ನೋಡಿ, ಆ ಫೋಟೋ ನೋಡಿ. ಆಮೇಲೆ ಸಾರ್ ಕೈ ನೋಡಿ."

ಪುಟ ಮಗುಚುವ ಸದ್ದು ಮಂಟಪದ ತುಂಬ ಹರಡಿತು. ಮುಂದಿನ ಸಾಲಿನಲ್ಲಿ ವರಲಕ್ಷ್ಮಿಯೂ ಪುಟ ತೆಗೆದು ನೋಡಿದಳು, ಗಂಡನ ಕೈ ನೋಡಿದಳು. ಪುಸ್ತಕವನ್ನು ಕುರ್ಚಿಯ ಮೇಲಿಟ್ಟು, ತಲೆ ತಗ್ಗಿಸಿ ಹೊರಟುಹೋದಳು. ಆ ಹೆಂಗಸಿನ ನಡಿಗೆ ಕಂಡು ಮುನಿಲಕ್ಷ್ಮಿ ಎತ್ತಿದ್ದ ಕೈಗಳನ್ನು ಇಳಿಸಿದಳು. ಕನಕರಾಜನ ಮುಖದ ಕಡೆ ತಿರುಗಿದೊಡನೆ ಮತ್ತೆ ಎತ್ತಿದಳು.

ಮೂರು ವಾರದ ಮೇಲೆ ಒಂದು ಬೆಳಿಗ್ಗೆ ಕನಕರಾಜ್ ಆಟೋದಲ್ಲಿ ಉಳಿದ ಪುಸ್ತಕಗಳ ಕಟ್ಟುಗಳನ್ನು ಹಾಕಿಕೊಂಡು ಫಿಲೇಚರಿಗೆ ಬಂದ. ಗಡ್ಡ ಬೆಳೆದಿತ್ತು.

"ಮುನಿಲಕ್ಷ್ಮಮ್ಮನವ್ರೇ, ನಿಮ್ ಹೆಸರಿನ ಚೀಟಿ ಅಂಟಿಸಿ ಕೊಡ್ತೀನಿ. ಅಮ್ಮನ ಹೆಸರೂ ಹಾಕ್ತೀನಿ. ನಲವತ್ತು ಮಕ್ಕಳು ಸೇರಿದ್ದಾರೆ, ತಂದೆತಾಯಿಗಳು ಮನೆ ಮುಂದೆ ಬಂದು ಗಲಾಟೆ ಮಾಡ್ತಾವ್ರೆ. ನೀವು ಬಂದು ಕಲಿಸಿದ್ರೆ ಸುಮ್ನಾಗ್ತಾರೆ."

ಅವಳು ಬಾಯ್ಲರಿನ ಕಡೆ ಕೈ ತೋರಿಸಿದಳು. ಬಾಯ್ಲರ್ ನೋಡಿಕೊಳ್ಳುವ ಎರ್ರಪ್ಪ ಆಗತಾನೆ ಒಲೆ ಹೊತ್ತಿಸಿದ್ದ. "ಮೊದ್ಲು ಅವನ್ನ ಸುಡಿ. ಆಮೇಲೆ ಮಾತಾಡಣ."

"ಎಲ್ಲಾನೂ?"

"ಎಲ್ಲಾನೂ. ನಿಮ್ ಕೈಯಾರೆ."

ಅವನು ಹಿಂದೆಮುಂದೆ ನೋಡಿದ. ಬೇರೆ ದಾರಿ ಇರಲಿಲ್ಲ. ಕಟ್ಟು ಬಿಚ್ಚಿ ಹಿಡಿ ಹಿಡಿಯಾಗಿ ಒಲೆಯ ಬಾಯಿಗೆ ತುಂಬತೊಡಗಿದ. ಟೈ ಕಟ್ಟಿಕೊಂಡ ಅವನ ಮುಖಗಳು ಸುರುಳಿ ಸುತ್ತಿ ಕಪ್ಪಾದವು. ಅವಳು ಕೊನೆಯ ಕಟ್ಟಿನವರೆಗೂ ಕದಲದೆ ನಿಂತು ನೋಡಿದಳು.

"ಈಗ ಬರ್ತೀರಾ?" ಹೊಗೆಗೆ ಕಣ್ಣು ಒರೆಸಿಕೊಳ್ಳುತ್ತಾ ಅವನು ಕೇಳಿದ.

"ಇಲ್ಲ."

"ಮತ್ತೆ ಸುಡಿ ಅಂದ್ರಲ್ಲಾ..."

"ಅಂದೆ. ಹೋಗ್ಬನ್ನಿ ಸಾರ್, ಕೆಲಸ ಇದೆ."

ಅವನು ಖಾಲಿ ಆಟೋ ಹತ್ತಿ ಹೋದ ಮೇಲೆ ಅಮ್ಮಾಜಮ್ಮ ಹೇಳಿದಳು, "ಇದು ತಪ್ಪು ಕಣೇ. ಆಸೆ ತೋರಿಸಿ ಕೈ ಕೊಟ್ಟೆ."

"ತಪ್ಪೇ. ಗೊತ್ತು ಅಮ್ಮಾಜಕ್ಕ" ಅಂದಳು ಮುನಿಲಕ್ಷ್ಮಿ, ಬೇಸಿನ್ನಿಗೆ ಗೂಡು ಸುರಿಯುತ್ತಾ.

ಏಪ್ರಿಲಿನ ಒಂದು ಭಾನುವಾರ ಅವಳು ಚಿಂತಾಮಣಿಗೆ ಹೋದಳು. ಬ್ರೌಸಿಂಗ್ ಸೆಂಟರಿನ ಷಟರ್ ಇಳಿದಿತ್ತು, ಎರಡು ಬೀಗ ಹಾಕಿತ್ತು, 'ಬಾಡಿಗೆಗೆ ಇದೆ' ಎಂದು ಸುಣ್ಣದಲ್ಲಿ ಬರೆದಿತ್ತು. ಎದುರಿನ ಹೋಟೆಲಿನಲ್ಲಿ ಕೂತು ಇಡ್ಲಿ ತಿಂದಳು, ಕಾಫಿ ಕುಡಿದಳು, ಬೀಗಗಳನ್ನು ನೋಡಿದಳು. ಶಿಡ್ಲಘಟ್ಟದ ಬಸ್ಸು ಬಂತು. ಅದನ್ನು ಬಿಟ್ಟು, ಇನ್ನೊಂದು ಕಾಫಿ ಹೇಳಿದಳು.