ಹೇಳಿಕೆಯಲ್ಲಿ ಉಳಿದ ಹೆಸರು

ರಾಯಭಾರ ಕಚೇರಿಯಲ್ಲಿ ಅವನನ್ನು ಎಲ್ಲರೂ ಕರಡುರಾಯ ಎಂದೇ ಕರೆಯುತ್ತಿದ್ದರು. ಪರದೇಶದವರ ಆ ಕಚೇರಿಯಲ್ಲಿ ಈ ಊರಿನವನಾಗಿ ಕೆಲಸಕ್ಕಿದ್ದವನು ಅವನು. ಯಾವುದೇ ಹೇಳಿಕೆಯ ಮೊದಲ ಕರಡು ಅವನದೇ. ಆದರೆ ಹತ್ತೊಂಬತ್ತು ವರ್ಷಗಳಲ್ಲಿ ಅವನ ಒಂದು ಪ್ಯಾರಾವೂ ಬರೆದ ಹಾಗೆ ಆಚೆ ಹೋದದ್ದಿಲ್ಲ. ಕರಡು ಏಳು ಮೇಜು ಸುತ್ತಬೇಕು, ಒಂದೊಂದು ಮೇಜೂ ಏನನ್ನಾದರೂ ಹೊಡೆದುಹಾಕಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವುದು ಅಲ್ಲಿನ ಧರ್ಮ. ಅದಕ್ಕೇ ಅವನು ಒಂದು ಉಪಾಯ ಕಲಿತಿದ್ದ: ಉಳಿಯಬೇಕಾದ ಮಾತಿನ ಪಕ್ಕದಲ್ಲಿ ಹೊಡೆಯಲೆಂದೇ ಒಂದು ಮಾತು ಇಡುವುದು. ಕತ್ತರಿಗೂ ಮೇವು ಬೇಕಲ್ಲ!

ಆ ತಿಂಗಳು ಸರ್ಕಾರ ಹೊಸ ಕಾನೂನು ತಂದಿತು. ಪರದೇಶದವರ ಕೃಪೆಯಲ್ಲಿರುವ ಸಂಘ ಸಂಸ್ಥೆಗಳನ್ನು ಕೇಳದೆಯೇ ಮುಚ್ಚಬಹುದು. ಕೃಪೆ ಎಂದರೇನು ಎಂದು ಕಾನೂನು ಹೇಳಲಿಲ್ಲ, ಹೇಳುವ ಉದ್ದೇಶವೂ ಅದಕ್ಕಿರಲಿಲ್ಲ.

ಅವನ ಅಕ್ಕ ನಿವೃತ್ತ ಮೇಷ್ಟರಮ್ಮ. ಜೈಲಿನಲ್ಲಿರುವವರ ಮನೆಯವರಿಗೆ ಭೇಟಿಯ ಚೀಟಿ ಮಾಡಿಸಿಕೊಡುವ ಎರಡು ಕೋಣೆಯ ಸಂಘ ನಡೆಸುತ್ತಿದ್ದಳು. ಪರದೇಶದ ಪೆನ್ಸಿಲನ್ನೂ ಮುಟ್ಟಿದವಳಲ್ಲ. ಆದರೂ ತಮ್ಮನ ಮನೆಗೆ ಬಂದು ಕೇಳಿದಳು.

"ನಿಮ್ಮ ಸಾಹೇಬ್ರು ಸ್ವಲ್ಪ ಗಟ್ಟಿಯಾಗಿ ಹೇಳಿದ್ರೆ ಈ ಸರ್ಕಾರದವ್ರು ಕೇಳ್ತಾರೇನೋ?"

"ನೋಡೋಣ ಅಕ್ಕ. ಈ ಸಲ ಗಟ್ಟಿಯಾಗೇ ಬರೀತೀನಿ."

ಬರೆದ. 'ಈ ಕಾನೂನನ್ನು ಹಿಂದಕ್ಕೆ ಪಡೆಯಬೇಕು' ಎಂಬ ಸಾಲು ಹೇಗಾದರೂ ಉಳಿಯಬೇಕಿತ್ತು. ಅದರ ಕೆಳಗೆ, ಹೊಡೆಯಲೆಂದೇ, ಇನ್ನೊಂದನ್ನು ಇಟ್ಟ: ಇಂಥ ಸಂಘಗಳ ಸೇವೆಯನ್ನು ನಾವು ಬಹುಕಾಲದಿಂದ ಮೆಚ್ಚಿದ್ದೇವೆ ಎಂದು ಬರೆದು ಅಕ್ಕನ ಸಂಘದ ಹೆಸರು ಸೇರಿಸಿದ. ಹೆಸರು ಮೊದಲ ಮೇಜಿನಲ್ಲೇ ಹಾರುತ್ತದೆ ಎಂದು ಅವನಿಗೆ ಖಾತ್ರಿಯಿತ್ತು. ಹಾಗಿದ್ದರೆ ಬೇರೆ ಯಾವುದಾದರೂ ಹೆಸರು ಬರೆಯಬಹುದಿತ್ತಲ್ಲ? ನಿಜ ಹೇಳಬೇಕೆಂದರೆ, ಅಪ್ಪಿತಪ್ಪಿ ಉಳಿದರೆ ಅಕ್ಕ ಹಿಗ್ಗುತ್ತಾಳೆ ಎಂಬ ಸಣ್ಣ ಆಸೆಯೂ ಒಳಗಿತ್ತು. ಅವಳನ್ನು ಒಂದು ಮಾತು ಕೇಳಲಿಲ್ಲ.

ಕರಡು ಮೇಜು ಸುತ್ತಿತು. ಒಮ್ಮೆ ಕೈಬಿಟ್ಟು ಹೋದ ಕರಡನ್ನು ಬರೆದವನು ಮತ್ತೆ ನೋಡುವ ಪದ್ಧತಿ ಅಲ್ಲಿಲ್ಲ. ಗುರುವಾರ ಮಧ್ಯಾಹ್ನ ಚಹಾದ ಹೊತ್ತಿಗೆ ಹೇಳಿಕೆ ಹೊರಬಿತ್ತು. 'ಖಂಡಿಸುತ್ತೇವೆ' ಹೋಗಿ 'ಕಳವಳ' ಬಂದಿತ್ತು, ಕಳವಳವೂ ಹೋಗಿ 'ಗಮನಿಸಿದ್ದೇವೆ' ಕೂತಿತ್ತು. ಹಿಂದಕ್ಕೆ ಪಡೆಯಬೇಕೆಂಬ ಸಾಲಿನ ಸುಳಿವೇ ಇರಲಿಲ್ಲ. ಕೊನೆಯಲ್ಲಿ ಅಕ್ಕನ ಸಂಘವನ್ನು ಮೆಚ್ಚಿದ ಸಾಲು ಮಾತ್ರ, ಹೆಸರಿನ ಸಮೇತ, ಒಂದಕ್ಷರವೂ ಕೆಡದೆ ನಿಂತಿತ್ತು.

ಎರಡನೇ ಕಾರ್ಯದರ್ಶಿಯ ಕೋಣೆಗೆ ಓಡಿದ. ಅವರು ಒಳ್ಳೆಯವರು, ಕುರ್ಚಿ ತೋರಿಸಿದರು.

"ಆ ಹೆಸರು ಯಾಕೆ ಉಳೀತು ಸರ್?"

"ಅದರಲ್ಲಿ ಯಾರಿಗೂ ಬೇಜಾರಾಗೋ ಅಂಥದ್ದು ಏನಿತ್ತು? ಎಲ್ಲರಿಗೂ ಇಷ್ಟ ಆಯ್ತು."

"ಅದನ್ನಾದ್ರೂ ತೆಗೆಸಿ ಸರ್."

"ಹೊರಗೆ ಹೋದ ಹೇಳಿಕೆ ವಾಪಸ್ ತಗೊಂಡ್ರೆ ಅದೇ ಇನ್ನೊಂದು ಹೇಳಿಕೆ ಆಗುತ್ತಪ್ಪಾ."

ಬೀದೀಲಿ ಹೋಗೋ ಮಾರಿಯನ್ನು ಮನೆಗೆ ಕರೆದ ಹಾಗಾಗಿತ್ತು. ಅದೂ ತನ್ನ ಮನೆಗಲ್ಲ, ಅಕ್ಕನ ಮನೆಗೆ.

ಸೋಮವಾರ ಬೆಳಿಗ್ಗೆ ಅಕ್ಕನ ಫೋನು ಬಂತು. ಹೋದಾಗ ಅವಳು ಸಂಘದ ಮೆಟ್ಟಿಲ ಮೇಲೆ ಕೂತಿದ್ದಳು. ಬಾಗಿಲಿಗೆ ಬೀಗ, ಬೀಗಕ್ಕೆ ಅರಗಿನ ಮುದ್ರೆ, ಮೇಲೊಂದು ನೋಟಿಸು.

"ಕನ್ನಡಕ ಒಳಗೇ ಇದೆ. ಬೀಗ ಹಾಕೋಕೆ ಬಂದವ್ರು ತಗೊಳ್ಳೋಕೂ ಬಿಡ್ಲಿಲ್ಲ. ಓದು ತಮ್ಮಾ."

ಓದಿದ. ಪರದೇಶದ ಕೃಪೆಗೆ ಸಾಕ್ಷಿಯೆಂದು ಹೇಳಿಕೆಯ ಸಾಲನ್ನೇ ಎತ್ತಿ ಹಾಕಿದ್ದರು. ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ ತಾನು ಬರೆದದ್ದನ್ನು ಬರೆದ ಹಾಗೆಯೇ ಗಟ್ಟಿಯಾಗಿ ಓದುತ್ತಿದ್ದ.

ಅಕ್ಕ ತಲೆದೂಗಿದಳು. "ಯಾರೋ ಪುಣ್ಯಾತ್ಮರು, ನಮ್ಮ ಬಗ್ಗೆ ಎಷ್ಟು ಚೆನ್ನಾಗಿ ಬರ್ದಿದಾರೆ."

"ನಾನೇ ಅಕ್ಕ. ನಾನೇ ಬರ್ದಿದ್ದು."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಬೀಗದ ಕಡೆ ಕೈ ತೋರಿಸಿ ಕೇಳಿದಳು.

"ನಾಳೆ ಭೇಟಿ ದಿನ ಕಣೋ. ಚೀಟಿ ಎಲ್ಲಾ ಒಳಗಿವೆ. ಬೆಳಿಗ್ಗೆ ಎಂಟಕ್ಕೆಲ್ಲಾ ಮೂವತ್ತು ಮನೆಯವರು ಮಕ್ಕಳನ್ನ ಕಟ್ಕೊಂಡು ಬಂದು ಇಲ್ಲಿ ನಿಲ್ತಾರೆ. ಏನು ಹೇಳ್ಬೇಕು ಅಂತ ನೀನೇ ಬರ್ದುಕೊಡು."

ಅವನು ಜೇಬಿನಿಂದ ಪೆನ್ನು ತೆಗೆದ. ನೋಟಿಸಿನ ಕೆಳಗೆ ಮೆಟ್ಟಿಲ ಮೇಲೆ ಕೂತ. ಒಂದು ಸಾಲೂ ಬರೆಯಲಾಗಲಿಲ್ಲ.